ಗೇಟಿನ ಹೊರಗೆ ನಿಂತು ಓದುವ ಕೈಗಾರಿಕಾ ನೀತಿ

1

ಈ ಸಂಚಿಕೆಗೆ ಕೈಗಾರಿಕಾ ನೀತಿಯ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು ನಕ್ಕರು. ‘ದಲಿತ ವಿಮರ್ಶೆ ಅಂದ್ರೆ ಕತೆ, ಕಾವ್ಯ, ಆತ್ಮಕಥನದ ಮಾತು ಕಣಯ್ಯ. ಕಬ್ಬಿಣ, ಸಿಮೆಂಟು, ಸಬ್ಸಿಡಿ ಇವೆಲ್ಲ ಎಕನಾಮಿಕ್ಸ್‌ನವರ ಪಾಡು. ನಮಗ್ಯಾಕೆ?’ ಅಂದರು. ಈ ನಗು ಅವರೊಬ್ಬರದಲ್ಲ. ಊರ ಬಾವಿ, ಗುಡಿ, ಹೋಟೆಲು, ಶಾಲೆ ಇವುಗಳ ಬಾಗಿಲಲ್ಲಿ ನಿಂತು ‘ಒಳಗೆ ಯಾರು, ಹೊರಗೆ ಯಾರು’ ಎಂದು ನಮ್ಮ ವಿಮರ್ಶೆ ಗಟ್ಟಿಯಾಗಿಯೇ ಕೇಳಿದೆ. ಕಾರ್ಖಾನೆಯ ಗೇಟಿನಲ್ಲಿ ನಿಂತು ಅಷ್ಟೇ ಗಟ್ಟಿಯಾಗಿ ಕೇಳಿದ್ದು ಕಡಿಮೆ. ಕಾರ್ಖಾನೆ ಕಟ್ಟುವ ಮುಂಚೆಯೇ, ವಿಧಾನಸೌಧದಲ್ಲೋ ದೆಹಲಿಯಲ್ಲೋ ಬರೆದಿಟ್ಟ ನೀತಿಯ ಪುಟಗಳನ್ನು ತೆರೆದು ಕೇಳಿದ್ದಂತೂ ಇನ್ನೂ ಕಡಿಮೆ.

ಹಾಸನದಿಂದ ಹೊಳೆನರಸೀಪುರದ ದಾರಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ಬಂದರೆ ಮೊಸಳೆ. ಹೊರಗಿನವರಿಗೆ ಈ ಊರು ಗೊತ್ತಿರೋದು ನಾಗೇಶ್ವರ, ಚೆನ್ನಕೇಶವ ಎಂಬ ಹೊಯ್ಸಳರ ಕಾಲದ ಜೋಡಿ ಗುಡಿಗಳಿಂದ. ಈ ಸೀಮೆಯ ಜನಕ್ಕೆ ಮಾತ್ರ ಈ ದಾರಿ ಅಂದರೆ ಬೆಳಗಿನ ಬಸ್ಸು. ಹಾಸನದ ಕಡೆಗೆ ಹೊಲಿಗೆ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು, ಗಾರೆ ಕೆಲಸಕ್ಕೆ ಹೊರಟ ಗಂಡಸರು, ಐ.ಟಿ.ಐ., ಡಿಪ್ಲೊಮಾ ಅಂತ ಚೀಲ ನೇತುಹಾಕಿಕೊಂಡ ಹುಡುಗರು. ಇವರಲ್ಲಿ ಯಾರು ಯಾವ ಗೇಟಿನ ಹತ್ತಿರ ಇಳೀತಾರೆ, ಒಳಗೆ ಹೋದ ಮೇಲೆ ಯಾವ ಕೆಲಸ ಸಿಗುತ್ತೆ, ಎಷ್ಟು ದಿನಕ್ಕೆ ಸಿಗುತ್ತೆ ಅನ್ನೋದು ಅವರ ಹಣೆಬರಹ ಅಲ್ಲ. ಬಹಳ ಮಟ್ಟಿಗೆ ಅದು ನೀತಿಯ ಬರಹ. ಹಣೆಬರಹ ಅನ್ನೋದನ್ನ ಪ್ರಶ್ನಿಸಲು ಕಲಿತ ವಿಮರ್ಶೆ ಈ ಬರಹವನ್ನೂ ಓದಬೇಕು ಎಂಬುದು ನನ್ನ ವಾದ.

2

ಮೊದಲು, ಕೈಗಾರಿಕಾ ನೀತಿ ಅಂದರೇನು? ದೇಶದಲ್ಲಿ ಯಾವ ಉದ್ದಿಮೆ ಬೆಳೆಯಬೇಕು, ಎಲ್ಲಿ ಬೆಳೆಯಬೇಕು, ಯಾರ ದುಡ್ಡಿನಿಂದ ಬೆಳೆಯಬೇಕು ಅನ್ನೋದನ್ನು ಪೂರ್ತಿ ಮಾರುಕಟ್ಟೆಗೆ ಬಿಡದೆ ಪ್ರಭುತ್ವವೇ ಕೈಹಾಕಿ ತೀರ್ಮಾನಿಸುವುದು. ಇದಕ್ಕೆ ಆಯುಧಗಳು ಹಲವು. ಅಗ್ಗದ ಸಾಲ, ಅಗ್ಗದ ವಿದ್ಯುತ್ತು, ಭೂಸ್ವಾಧೀನ, ತೆರಿಗೆ ವಿನಾಯಿತಿ, ಹೊರಗಿನ ಮಾಲಿನ ಮೇಲೆ ಸುಂಕ, ಸರ್ಕಾರವೇ ಖರೀದಿದಾರನಾಗಿ ನಿಲ್ಲುವುದು, ಸರ್ಕಾರವೇ ಕಾರ್ಖಾನೆ ತೆರೆಯುವುದು, ತರಬೇತಿ ಕೊಡುವುದು.

ನಮ್ಮ ಕಡೆಯ ಆಲೂಗೆಡ್ಡೆಯನ್ನೇ ತೆಗೆದುಕೊಳ್ಳಿ. ಹಾಸನದ ಸೀಮೆಯಲ್ಲಿ ಮುಂಗಾರಿಗೆ ಆಲೂಗೆಡ್ಡೆ ಹಾಕುತ್ತಾರೆ. ಬಿತ್ತನೆ ಗೆಡ್ಡೆ ಬರೋದು ದೂರದ ಪಂಜಾಬಿನ ಜಲಂಧರದಿಂದ. ಅಂಗಮಾರಿ ಬಿದ್ದರೆ ಬೆಳೆ ಹೋಯ್ತು. ಬಿದ್ದಿಲ್ಲ ಅಂದರೆ ಎಲ್ಲರ ಗೆಡ್ಡೆಯೂ ಒಟ್ಟಿಗೇ ಮಂಡಿಗೆ ಬಂದು ಬೆಲೆ ಬಿತ್ತು. ಈ ಗೆಡ್ಡೆ ಮೂಟೆಗೂ ಪೇಟೆಯ ಅಂಗಡಿಯಲ್ಲಿ ತೂಗುಬಿದ್ದ ಚಿಪ್ಸ್ ಪೊಟ್ಟಣಕ್ಕೂ ನಡುವೆ ಎಷ್ಟು ಮೆಟ್ಟಿಲಿದೆ ನೋಡಿ. ಬಿತ್ತನೆ ಬೆಳೆಸುವುದು, ಶೈತ್ಯಾಗಾರ, ವಿಂಗಡಣೆ, ಸಂಸ್ಕರಣೆ, ಪ್ಯಾಕಿಂಗು, ಸಾಗಾಟ, ಮಾರಾಟ. ಒಂದೊಂದು ಮೆಟ್ಟಿಲಿಗೂ ಬೆಲೆ ಏರುತ್ತದೆ, ಕೆಲಸ ಹುಟ್ಟುತ್ತದೆ. ಹೊಲದಲ್ಲಿ ಗೆಡ್ಡೆ ಕೀಳುವ ಕೂಲಿಗೆ ವರ್ಷದಲ್ಲಿ ಕೆಲವೇ ವಾರ ಕೆಲಸ. ಮೇಲಿನ ಮೆಟ್ಟಿಲುಗಳಲ್ಲಿ ವರ್ಷವಿಡೀ. ಒಂದು ದೇಶ ಬಡದೇಶವಾಗಿ ಉಳಿಯೋದು ಅಂದರೆ ಕೆಳಗಿನ ಮೆಟ್ಟಿಲಲ್ಲೇ ಕೂತಿರೋದು. ಮೇಲಿನ ಮೆಟ್ಟಿಲುಗಳು ಬೇರೆ ದೇಶದಲ್ಲಿ, ಬೇರೆಯವರ ಕೈಯಲ್ಲಿ ಇರೋದು.

ಮೇಲೆ ಹತ್ತೋದು ತಾನಾಗಿ ಆಗುವ ಕೆಲಸ ಅಲ್ಲ. ಹೊಸ ಕಾರ್ಖಾನೆಯ ಮೊದಲ ಮಾಲು ಯಾವಾಗಲೂ ದುಬಾರಿ, ಗುಣವೂ ಕಡಿಮೆ. ಕಲಿಯುವ ತನಕ ಯಾರಾದರೂ ತಾಳಿಕೊಳ್ಳಬೇಕು. ತಾಳಿಕೊಳ್ಳೋದು ಪ್ರಭುತ್ವ. ಮುಕ್ತ ವ್ಯಾಪಾರದ ಉಪದೇಶ ಮಾಡಿದ ಇಂಗ್ಲೆಂಡು ಕೂಡ ಬೆಳೆಯುವ ಕಾಲದಲ್ಲಿ ಭಾರತದ ಬಟ್ಟೆಯ ಮೇಲೆ ಸುಂಕ ಹಾಕಿ ತನ್ನ ಗಿರಣಿಗಳನ್ನು ಕಾಯ್ದುಕೊಂಡಿತ್ತು. ಜರ್ಮನಿ, ಅಮೆರಿಕ, ಜಪಾನುಗಳೂ ಹಾಗೇ ಮಾಡಿದವು. ಹತ್ತಿರದ ಉದಾಹರಣೆ ಅಂದರೆ ದಕ್ಷಿಣ ಕೊರಿಯ. ಆ ದೇಶ ಉಕ್ಕಿನ ಕಾರ್ಖಾನೆ ಕಟ್ಟುತ್ತೇವೆ ಅಂದಾಗ ಇದು ನಿಮಗೆ ಹೇಳಿಸಿದ್ದಲ್ಲ ಎಂದು ವಿಶ್ವಬ್ಯಾಂಕು ಕೈಯಾಡಿಸಿತು. ಅವರು ಬಿಡಲಿಲ್ಲ. 1968ರಲ್ಲಿ ಪೋಸ್ಕೋ ಹುಟ್ಟಿತು, 1973ರಲ್ಲಿ ಉಕ್ಕು ಹೊರಬಂತು. ಅಲ್ಲಿನ ಸರ್ಕಾರ ಉದ್ದಿಮೆದಾರರಿಗೆ ಅಗ್ಗದ ಸಾಲ ಕೊಟ್ಟಿತು, ಜೊತೆಗೆ ಇಷ್ಟು ರಫ್ತು ಮಾಡಲೇಬೇಕು ಎಂಬ ಕರಾರೂ ಹಾಕಿತು. ಕೊಟ್ಟಿದ್ದಕ್ಕೆ ಲೆಕ್ಕ ಕೇಳಿತು.

ಅರ್ಥಶಾಸ್ತ್ರದ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಕತೆಗೆ ಹಿಂದಿನ ಅಧ್ಯಾಯ ಒಂದಿದೆ. ಕೊರಿಯ ಉಕ್ಕಿಗೆ ಕೈಹಾಕುವ ಮೊದಲು, 1949-50ರಲ್ಲೇ, ಭೂಸುಧಾರಣೆಯ ಕಾನೂನು ತಂದು ಸುಮಾರು 3 ಹೆಕ್ಟೇರಿನ ಮಿತಿ ಹಾಕಿ ಜಮೀನ್ದಾರಿಕೆಯ ಬೆನ್ನು ಮುರಿದಿತ್ತು. ತೈವಾನ್ 1953ರಲ್ಲಿ ಉಳುವವನಿಗೆ ನೆಲ ಕೊಟ್ಟಿತು. ನೆಲ ಹಂಚಿದ ಮೇಲೆ ಬಡವರ ಮಕ್ಕಳೂ ಶಾಲೆಗೆ ಹೋದರು, ಆ ಮಕ್ಕಳೇ ಕಾರ್ಖಾನೆಗೆ ಬಂದರು, ಅವರೇ ಆ ಮಾಲಿನ ಗಿರಾಕಿಗಳೂ ಆದರು. ಅಂದರೆ ಕೈಗಾರಿಕಾ ನೀತಿ ಫಲ ಕೊಡಬೇಕಾದರೆ ಹಳ್ಳಿಯ ಯಜಮಾನಿಕೆ ಮೊದಲು ಅಲುಗಬೇಕು. ನಮ್ಮಲ್ಲಿ ಅದನ್ನು ಅಲುಗಿಸದೆಯೇ ಕಾರ್ಖಾನೆ ಕಟ್ಟಲು ಹೋದೆವು.

3

ಇದನ್ನು ಬಿಡಿಸಿ ನೋಡಲು ಮೈಸೂರು ಸಂಸ್ಥಾನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭಾರತಕ್ಕೆ ಪಂಚವಾರ್ಷಿಕ ಯೋಜನೆ ಬರುವ ಎಷ್ಟೋ ಮುಂಚೆ ಇಲ್ಲಿ ಕೈಗಾರಿಕಾ ನೀತಿ ಇತ್ತು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದರು. ಆ ವಿದ್ಯುತ್ತು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳ ಮಾತು ಬೇಡ. ಸಂಸ್ಥಾನ ಕೊಟ್ಟ ವಿದ್ಯುತ್ತಿನಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. ಆ ಗಣಿಯ ಆಳಕ್ಕೆ ಇಳಿದವರು ಯಾರು? ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಅವರಿಗೆ ಗಣಿ ಎರಡು ಕೆಲಸ ಮಾಡಿತು. ಒಂದು, ಊರ ಗೌಡನ ಜೀತದಿಂದ ಬಿಡಿಸಿ ಕೈಗೆ ನಗದು ಕೂಲಿ ಕೊಟ್ಟಿತು. ಎರಡು, ಕಲ್ಲಿನ ಧೂಳು ಕುಡಿಸಿ ಶ್ವಾಸಕೋಶ ತಿಂದಿತು. ಎರಡೂ ನಿಜ. 1930ರಲ್ಲಿ ತಮ್ಮನ್ನು ಕಳ್ಳರಂತೆ ಬೆರಳಚ್ಚು ತೆಗೆದು ನೋಂದಾಯಿಸುವುದರ ವಿರುದ್ಧ ಆ ಕಾರ್ಮಿಕರು ಮುಷ್ಕರ ಹೂಡಿದ್ದರು. ಹಳ್ಳಿಯಲ್ಲಿ ಉಳಿದಿದ್ದರೆ ಹಾಗೆ ಒಟ್ಟಿಗೆ ನಿಲ್ಲುವುದು ಸಾಧ್ಯವಿತ್ತೇ? ಗಣಿಯನ್ನು ಬೈಯುವಾಗಲೂ ಈ ಪ್ರಶ್ನೆಯನ್ನು ಮರೆಯಬಾರದು.

ಇನ್ನು ವಿಶ್ವೇಶ್ವರಯ್ಯನವರ ಕಾಲ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ, 1912ರಲ್ಲಿ ಅವರು ದಿವಾನರಾದರು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ. ಕೈಗಾರಿಕೆ ಮಾಡದ ದೇಶಕ್ಕೆ ಉಳಿಗಾಲವಿಲ್ಲ ಎಂಬುದು ಅವರ ನಂಬಿಕೆ. ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಖಾಸಗಿ ಬಂಡವಾಳ ಹೆದರಿ ಕೂತಿದ್ದ ಕಾಲದಲ್ಲಿ ಸರ್ಕಾರವೇ ಮುಂದೆ ಬಂದದ್ದು ದೊಡ್ಡ ಮಾತೇ.

ಆದರೆ 1918ನೇ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಆ ಒಂದು ವರ್ಷದಲ್ಲಿ ಮೂರು ಸಂಗತಿ ನಡೆದವು. ಒಂದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಚಾಲನೆ ಸಿಕ್ಕಿತು. 1923ರಲ್ಲಿ ಅಲ್ಲಿ ಕಬ್ಬಿಣ ಹೊರಬಂತು. ಎರಡು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಜಾತಿಯ ಆಧಾರದ ಮೇಲೆ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬ ನಿಲುವು ದಿವಾನರದ್ದು. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ಮೂರು, ಇನ್ನೂ ಮೂವತ್ತು ತುಂಬದ ಅಂಬೇಡ್ಕರ್ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು.

ಆ ಪ್ರಬಂಧದ ವಾದ ಇವತ್ತಿಗೂ ಓದಬೇಕಾದ್ದು. ಹಿಡುವಳಿ ಚಿಕ್ಕದಾಯಿತು, ಅದನ್ನು ಒಟ್ಟುಗೂಡಿಸಿದರೆ ಕೃಷಿ ಉದ್ಧಾರವಾಗುತ್ತದೆ ಎಂದು ಆಗಿನ ಪಂಡಿತರು ಹೇಳುತ್ತಿದ್ದರು. ಅಂಬೇಡ್ಕರ್ ಪ್ರಶ್ನೆಯನ್ನೇ ತಿರುಗಿಸಿದರು. ರೋಗ ಇರುವುದು ಹೊಲದ ಅಳತೆಯಲ್ಲಲ್ಲ, ಅದರ ಮೇಲೆ ಬಿದ್ದಿರುವ ಜನರ ಭಾರದಲ್ಲಿ. ಹೊಲದಲ್ಲಿ ನಿಜವಾಗಿ ಕೆಲಸವಿಲ್ಲದೆ ಹೊಲವನ್ನೇ ನಂಬಿಕೊಂಡಿರುವ ಜನರನ್ನು ಕೈಗಾರಿಕೆ ಎಳೆದುಕೊಳ್ಳಬೇಕು. ಆಗ ಕೃಷಿಗೂ ಬಂಡವಾಳ ಕೂಡುತ್ತದೆ, ಹೊಲವೂ ಉಸಿರಾಡುತ್ತದೆ. ಕೃಷಿಯ ರೋಗಕ್ಕೆ ಕೈಗಾರಿಕೆ ಮದ್ದು.

ವಿಶ್ವೇಶ್ವರಯ್ಯ, ಅಂಬೇಡ್ಕರ್ ಇಬ್ಬರಿಗೂ ಕೈಗಾರಿಕೆ ಬೇಕಿತ್ತು. ವ್ಯತ್ಯಾಸ ಇರುವುದು ಗೇಟಿನಲ್ಲಿ. ಒಬ್ಬರಿಗೆ ಕಾರ್ಖಾನೆ ನಾಡಿನ ಉತ್ಪನ್ನವನ್ನು ಹೆಚ್ಚಿಸುವ ಯಂತ್ರ. ಅದನ್ನು ನಡೆಸುವವರು ಅರ್ಹರಿದ್ದರೆ ಸಾಕು, ಆ ಅರ್ಹತೆ ಯಾವ ಅಗ್ರಹಾರದಲ್ಲಿ ಹೇಗೆ ಕೂಡಿಬಂತು ಅನ್ನೋದು ಪ್ರಶ್ನೆಯಲ್ಲ. ಇನ್ನೊಬ್ಬರಿಗೆ ಕಾರ್ಖಾನೆ ಜನರನ್ನು ಹುಟ್ಟಿದ ಕಸುಬಿನಿಂದ ಬಿಡಿಸುವ ದಾರಿ. ಜನ ಒಂದು ಕಸುಬಿನಿಂದ ಇನ್ನೊಂದಕ್ಕೆ ಹೋಗದಂತೆ ತಡೆಯುವ ಜಾತಿಯೇ ನಿರುದ್ಯೋಗಕ್ಕೆ ಕಾರಣ ಎಂದು 1936ರ ಹೊತ್ತಿಗೆ ಅವರು ಇನ್ನೂ ನಿಚ್ಚಳವಾಗಿ ವಾದಿಸಿದರು. ಇದು ಬರೀ ನ್ಯಾಯದ ಮಾತಲ್ಲ, ಬೆಳವಣಿಗೆಯ ಲೆಕ್ಕವೂ ಹೌದು. ಹೊಸ ಉದ್ದಿಮೆ ಬೆಳೆಯಬೇಕಾದರೆ ಕೆಲಸಗಾರ ಕದಲಬೇಕು. ಜಾತಿ ಅವನನ್ನು ಕದಲಲು ಬಿಡುವುದಿಲ್ಲ.

ಕಾರ್ಖಾನೆ ತಾನಾಗಿಯೇ ಜಾತಿಯನ್ನು ಅಳಿಸುತ್ತದೆ ಅನ್ನೋದೂ ಭ್ರಮೆ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದಲಿತರಿಗೆ ನೂಲುವ ವಿಭಾಗ ಸಿಗುತ್ತಿತ್ತು, ಕೂಲಿ ಹೆಚ್ಚಿರುವ ನೇಯುವ ವಿಭಾಗ ಸಿಗುತ್ತಿರಲಿಲ್ಲ. ಕಾರಣ? ಲಾಳಿಯಲ್ಲಿ ಹೊಸ ನೂಲು ಹಾಕುವಾಗ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕು. ಅಸ್ಪೃಶ್ಯನ ಎಂಜಲು ಮುಟ್ಟಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟುವುದಿಲ್ಲ! 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಇಟ್ಟರು. ಗೇಟಿನ ಒಳಗೆ ಇನ್ನೊಂದು ಗೇಟು ಇರುತ್ತದೆ ಎಂಬುದನ್ನು ಆ ಲಾಳಿ ತೋರಿಸಿಕೊಟ್ಟಿತು.

4

ಸ್ವಾತಂತ್ರ್ಯದ ನಂತರ ಈ ಎರಡನೇ ಗೇಟು ಸ್ವಲ್ಪವಾದರೂ ತೆರೆದದ್ದು ಸಾರ್ವಜನಿಕ ಉದ್ದಿಮೆಗಳಲ್ಲಿ.

1947ರಲ್ಲಿ ಅಂಬೇಡ್ಕರ್ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಎಂಬ ಮನವಿಯಲ್ಲಿ ತಮ್ಮ ಕೈಗಾರಿಕಾ ನೀತಿಯನ್ನು ಪೂರ್ತಿಯಾಗಿ ಮಂಡಿಸಿದರು. ಮೂಲ ಉದ್ದಿಮೆಗಳು ಪ್ರಭುತ್ವದ ಒಡೆತನದಲ್ಲಿ ಇರಬೇಕು, ವಿಮೆ ಪ್ರಭುತ್ವದ್ದಾಗಬೇಕು, ಕೃಷಿಯೂ ಪ್ರಭುತ್ವದ ಉದ್ದಿಮೆಯಾಗಿ ನೆಲವನ್ನು ಜಾತಿ ನೋಡದೆ ಸಾಮೂಹಿಕ ಬೇಸಾಯಕ್ಕೆ ಕೊಡಬೇಕು, ಇದೆಲ್ಲ ಸಂವಿಧಾನದಲ್ಲೇ ಬರೆದಿರಬೇಕು ಎಂದರು. ಕಾರ್ಖಾನೆ ಮತ್ತು ನೆಲ, ಎರಡನ್ನೂ ಅವರು ಬೇರೆ ಮಾಡಲಿಲ್ಲ. ದೇಶ ಕಾರ್ಖಾನೆಯ ಅರ್ಧವನ್ನು ತೆಗೆದುಕೊಂಡಿತು, ನೆಲದ ಅರ್ಧವನ್ನು ಬಿಟ್ಟಿತು. 1948 ಮತ್ತು 1956ರ ಕೈಗಾರಿಕಾ ನೀತಿ ನಿರ್ಣಯಗಳು ಬಂದವು. 1956ರ ನಿರ್ಣಯ 17 ಮುಖ್ಯ ಉದ್ದಿಮೆಗಳನ್ನು ಪ್ರಭುತ್ವಕ್ಕೆ ಮೀಸಲಿಟ್ಟಿತು. ಬೆಂಗಳೂರಿನಲ್ಲಿ ಮೊದಲೇ ಇದ್ದ ಎಚ್.ಎ.ಎಲ್. ಜೊತೆಗೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಬಂದವು.

ಇಲ್ಲಿ ದಲಿತರಿಗೆ ಸಿಕ್ಕಿದ್ದು ಎಷ್ಟು? ಮೀಸಲಾತಿ ಇದ್ದರೂ ಮೇಲಿನ ಹುದ್ದೆಗಳು ತುಂಬಲಿಲ್ಲ, ಕೆಳಗಿನವು ತುಂಬಿದವು, ಕಸಗುಡಿಸುವ ಕೆಲಸವಂತೂ ಮೀಸಲಾತಿಗೆ ಮೀರಿ ತುಂಬಿತು. ಇದು ಗೊತ್ತಿರೋ ಮಾತೇ. ಆದರೂ ಕಾಯಂ ಕೆಲಸ, ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಯೂನಿಯನ್ನು ಸಿಕ್ಕವು. ಜಾತಿ ಕೇಳಿ ನೀರು ಕೊಡುವ ಊರಿನಿಂದ ಬಂದವನಿಗೆ ಕ್ವಾರ್ಟರ್ಸಿನ ನಲ್ಲಿ ಸಣ್ಣ ಸಂಗತಿಯಲ್ಲ. ಒಂದು ತಲೆಮಾರು ಗುಡಿಸಿತು, ಅದರ ಮುಂದಿನದು ಓದಿತು, ಆಮೇಲಿನದು ಬರೆಯಿತು. ದಲಿತ ಸಂಘರ್ಷ ಸಮಿತಿ ಬೇರುಬಿಟ್ಟ ನೆಲಗಳಲ್ಲಿ ಭದ್ರಾವತಿ ಮುಖ್ಯವಾದದ್ದು ಎಂಬುದನ್ನು ನೆನೆಸಿಕೊಳ್ಳಿ. ಪ್ರೊ. ಬಿ. ಕೃಷ್ಣಪ್ಪ ಪಾಠ ಹೇಳುತ್ತಿದ್ದದ್ದು ಅಲ್ಲಿನ ಕಾಲೇಜಿನಲ್ಲಿ. ಮೀಸಲಾತಿಯ ವಿಚಾರದಲ್ಲಿ ಮುನಿದು ಹೋದ ದಿವಾನರು ಕಟ್ಟಿಸಿದ ಕಾರ್ಖಾನೆಯ ಊರಲ್ಲಿ ಅರವತ್ತು ವರ್ಷದ ನಂತರ ದಲಿತ ಚಳವಳಿಯ ಧ್ವನಿ ಎದ್ದಿತು! ಬರೆದವರ ಉದ್ದೇಶವನ್ನು ಮೀರಿ ಕೃತಿ ಮಾತಾಡುತ್ತದೆ ಅಂತ ನಾವು ತರಗತಿಯಲ್ಲಿ ಹೇಳ್ತೀವಲ್ಲ, ನೀತಿಗೂ ಆ ಮಾತು ಸಲ್ಲುತ್ತದೆ.

ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರು ‘ಗೌರ್ಮೆಂಟ್ ಬ್ರಾಹ್ಮಣ’. 1994ರಲ್ಲಿ ಬಂದದ್ದು. ಆ ಹೆಸರಿನ ವ್ಯಂಗ್ಯ ಹುಟ್ಟಬೇಕಾದರೆ ಗೌರ್ಮೆಂಟು ನೌಕರಿ ಕೊಡುವ ಸ್ಥಿತಿಯಲ್ಲಿ ಇರಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಆ ಹೆಸರಿನ ಬೆನ್ನಿಗೆ 1956ರ ನಿರ್ಣಯವನ್ನೂ ಇಟ್ಟು ಓದಿ ನೋಡಬಹುದು.

ಬಿಟ್ಟುಹೋದ ಅರ್ಧ ನೆಲದ್ದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ದೇಶದಲ್ಲಿ ಒಳ್ಳೆಯ ಹೆಸರು ಪಡೆದ ಸುಧಾರಣೆ ಅದು. ಆದರೆ ದಲಿತರಲ್ಲಿ ಬಹಳ ಜನ ಗೇಣಿದಾರರಾಗಿರಲಿಲ್ಲ, ಕೂಲಿಗಳೂ ಜೀತದಾಳುಗಳೂ ಆಗಿದ್ದರು. ಗೇಣಿ ಚೀಟಿ ಇಲ್ಲದವನು ಅರ್ಜಿ ಹಾಕೋದಾದರೂ ಏನಂತ?

5

ಈಗ ಹಾಸನಕ್ಕೆ ಬರೋಣ. ಬೆಂಗಳೂರು, ಮುಂಬಯಿಯಂಥ ಕಡೆ ಮಾತ್ರ ಕಾರ್ಖಾನೆ ಬೆಳೆದರೆ ಹೇಗೆ ಎಂಬ ಪ್ರಶ್ನೆ 1960ರ ದಶಕದಲ್ಲೇ ಎದ್ದಿತ್ತು. ಕರ್ನಾಟಕದಲ್ಲಿ 1966ರ ಕಾಯಿದೆಯ ಮೂಲಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 1971ರಿಂದ ಹಿಂದುಳಿದ ಪ್ರದೇಶಕ್ಕೆ ಹೋಗುವ ಉದ್ದಿಮೆದಾರನಿಗೆ ಕೇಂದ್ರದ ಬಂಡವಾಳ ಸಬ್ಸಿಡಿ ಸಿಕ್ಕಿತು. 1988ರಲ್ಲಿ ಅದನ್ನು ನಿಲ್ಲಿಸಿ ಬೆಳವಣಿಗೆ ಕೇಂದ್ರಗಳ ಯೋಜನೆ ತಂದರು. ಕರ್ನಾಟಕದಲ್ಲಿ ಧಾರವಾಡ, ರಾಯಚೂರುಗಳ ಜೊತೆ ಹಾಸನಕ್ಕೂ ಒಂದು ಬೆಳವಣಿಗೆ ಕೇಂದ್ರ ಸಿಕ್ಕಿತು. ಮುಂದೆ ಜವಳಿಗೆ ವಿಶೇಷ ಆರ್ಥಿಕ ವಲಯವೂ ಬಂತು. ಬೆಳಗಿನ ಬಸ್ಸು ತುಂಬಿದ್ದರ ಹಿಂದೆ ಈ ಚರಿತ್ರೆ ಇದೆ.

ಇಲ್ಲಿ ಒಂದು ಪದವನ್ನು ಹಿಡಿದು ನೋಡಬೇಕು. ‘ಹಿಂದುಳಿದ’ ಎಂಬ ಪದ. ಸಂವಿಧಾನದಲ್ಲಿ ಅದು ಜನರ ಬಗ್ಗೆ ಹೇಳಿದ ಮಾತು. ಕೈಗಾರಿಕಾ ನೀತಿಯಲ್ಲಿ ಅದು ತಾಲೂಕಿನ ಬಗ್ಗೆ ಹೇಳಿದ ಮಾತು. 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. 2025-30ರ ಕೈಗಾರಿಕಾ ನೀತಿಯೂ ತಾಲೂಕುಗಳನ್ನು ವಲಯವಾಗಿ ವಿಂಗಡಿಸಿಯೇ ರಿಯಾಯಿತಿ ಹೇಳುತ್ತದೆ. ಪ್ರಾದೇಶಿಕ ಅಸಮತೋಲನ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ತಾಲೂಕು ಹಿಂದುಳಿದಿದೆ ಅಂದಾಗ ಆ ತಾಲೂಕಿನ ತೋಟದವರೂ ಕೇರಿಯವರೂ ಒಂದೇ ಸಾಲಿನಲ್ಲಿ ಹಿಂದುಳಿದವರಾಗಿ ಬಿಡುತ್ತಾರೆ. ಸಬ್ಸಿಡಿ ತಾಲೂಕಿನ ಹೆಸರಿಗೆ ಬರುತ್ತದೆ, ಉದ್ದಿಮೆದಾರನ ಖಾತೆಗೆ ಹೋಗುತ್ತದೆ. ಮಧ್ಯೆ ಕೇರಿಗೆ ಎಷ್ಟು ಇಳಿಯಿತು ಅಂತ ಕೇಳುವ ಅಂಕಣ ಆ ನಮೂನೆಯಲ್ಲಿ ಇರುವುದಿಲ್ಲ.

ನೆಲದ ಮಾತಿಗೂ ಇದೇ ಕತೆ. ಕೈಗಾರಿಕೆಗೆ ನೆಲ ಹೋದಾಗ ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ನೆಲದಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತ ಹೆಂಗಸಿಗೆ ಪಹಣಿಯಲ್ಲಿ ಅಂಕಣ ಇಲ್ಲ. 2013ರ ಕೇಂದ್ರದ ಭೂಸ್ವಾಧೀನ ಕಾಯಿದೆ ಅಂಥ ಕೂಲಿ ಕುಟುಂಬವನ್ನೂ ಬಾಧಿತ ಕುಟುಂಬ ಎಂದು ಗುರುತಿಸಿತು. ತಡವಾಗಿ ಬಂದರೂ ದೊಡ್ಡ ಹೆಜ್ಜೆ ಅದು. ಆದರೆ ನಮ್ಮ ಕೈಗಾರಿಕಾ ಮಂಡಳಿ ನೆಲ ತೆಗೆದುಕೊಳ್ಳುವುದು 1966ರ ತನ್ನದೇ ಕಾಯಿದೆಯಲ್ಲಿ. ಇನ್ನು ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಬಾರದೆಂದು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ರಸ್ತೆ, ಬಡಾವಣೆ, ಕೈಗಾರಿಕಾ ಪ್ರದೇಶ ಬರುತ್ತದೆ ಎಂಬ ಸುದ್ದಿ ಎದ್ದ ಕಡೆಯೆಲ್ಲ ಆ ಜಮೀನುಗಳ ಸುತ್ತ ಮಧ್ಯವರ್ತಿಗಳು ಓಡಾಡುವುದನ್ನು ಹಳ್ಳಿಯಲ್ಲಿ ಕಣ್ಣು ಬಿಟ್ಟುಕೊಂಡು ಇರುವವರೆಲ್ಲ ಬಲ್ಲರು.

ಇನ್ನೊಂದು ಪದ ‘ಅಕುಶಲ’. ಕನಿಷ್ಠ ಕೂಲಿಯ ಅಧಿಸೂಚನೆಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಅಂತ ಸಾಲು ಇರುತ್ತದೆ. ಗೆಡ್ಡೆ ಮುಟ್ಟಿ ನೋಡಿ ಇದು ಬಿತ್ತನೆಗೆ, ಇದು ಮಂಡಿಗೆ, ಇದು ಕೊಳೆಯೋದು ಅಂತ ಬೇರೆ ಮಾಡುವ ಕೈ ಅಕುಶಲ. ತೊಗಲು ಹದ ಮಾಡುವ ಕೈ ಶತಮಾನಗಳಿಂದ ಅಕುಶಲ. ಅದೇ ಕೆಲಸಕ್ಕೆ ಒಂದು ಸರ್ಟಿಫಿಕೇಟು, ಒಂದು ಯಂತ್ರ ಬಂದ ದಿನ ಅದು ಕುಶಲ ಆಗುತ್ತದೆ, ಮಾಡುವವನ ಜಾತಿಯೂ ಬದಲಾಗುತ್ತದೆ. ಹಾಗಂತ ಚಮ್ಮಾರನನ್ನು ಚರ್ಮದಲ್ಲೇ ಇಟ್ಟು ಸಬ್ಸಿಡಿ ಕೊಡಿ ಅಂತಲೂ ನಾವು ಕೇಳಬಾರದು. 1976ರಲ್ಲಿ ಚರ್ಮ ಕೈಗಾರಿಕೆಗೆ ನಿಗಮ ಬಂತು, ಲಿಡ್ಕರ್ ಅಂತ. ಅದರಿಂದ ಹಲವರಿಗೆ ಅನುಕೂಲವಾಗಿರಬಹುದು. ಆದರೆ ದಲಿತರಿಗೆ ನೀತಿ ಅಂದ ಕೂಡಲೇ ಚರ್ಮ, ಬಿದಿರು, ಗುಡಿ ಕೈಗಾರಿಕೆ ಎಂದು ಯೋಚಿಸುವ ಮನಸ್ಸು ಜಾತಿಯನ್ನೇ ನಕಲು ಮಾಡುತ್ತದೆ. ಚರಕದ ಅರ್ಥವ್ಯವಸ್ಥೆಯನ್ನು ಅಂಬೇಡ್ಕರ್ ಒಪ್ಪದೆ ಯಂತ್ರದ ಪರ ನಿಂತದ್ದು ಇದಕ್ಕೇ. ಯಂತ್ರ ಮನುಷ್ಯನಿಗೆ ಬಿಡುವು ಕೊಡುತ್ತದೆ, ಬಿಡುವಿಲ್ಲದವನಿಗೆ ಓದೂ ಇಲ್ಲ, ಸಂಸ್ಕೃತಿಯೂ ಇಲ್ಲ ಎಂಬುದು ಅವರ ವಾದದ ತಿರುಳು. ಹಳ್ಳಿ ಹಾಳಾಯಿತು ಎಂದು ಹಲುಬುವ ನಮ್ಮ ಸಾಹಿತ್ಯದ ಒಂದು ಧಾರೆಗೆ ಈ ವಾದ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

6

1991ರ ಜುಲೈ 24ರ ಕೈಗಾರಿಕಾ ನೀತಿ ದಿಕ್ಕು ತಿರುಗಿಸಿತು. ಲೈಸೆನ್ಸು ಹೋಯಿತು, ಪ್ರಭುತ್ವಕ್ಕೆ ಮೀಸಲಿದ್ದ ಕ್ಷೇತ್ರಗಳು ಕುಗ್ಗಿದವು, ಸಾರ್ವಜನಿಕ ಉದ್ದಿಮೆಗಳ ಷೇರು ಮಾರಾಟ ಶುರುವಾಯಿತು. ಹಳೆಯ ಲೈಸೆನ್ಸಿನ ಕಾಲ ದಲಿತರ ಪಾಲಿಗೆ ಸ್ವರ್ಗವಾಗಿತ್ತು ಅಂತ ಯಾರೂ ಹೇಳಲಾರರು. ಲೈಸೆನ್ಸು ಸಿಗುತ್ತಿದ್ದದ್ದು ಸೇಠುಗಳಿಗೇ. ಆದರೆ ಲೆಕ್ಕ ನೋಡಿ. 1991ರಲ್ಲಿ ದೇಶದ ಸಾರ್ವಜನಿಕ ವಲಯದಲ್ಲಿ ಸುಮಾರು 1 ಕೋಟಿ 90 ಲಕ್ಷ ಉದ್ಯೋಗಿಗಳಿದ್ದರು. 2012ರಲ್ಲಿ ಸುಮಾರು 1 ಕೋಟಿ 76 ಲಕ್ಷ. ಈ ನಡುವೆ ದೇಶದ ಜನಸಂಖ್ಯೆ 84 ಕೋಟಿಯಿಂದ 121 ಕೋಟಿಗೆ ಏರಿತ್ತು. ಮೀಸಲಾತಿಯ ಶೇಕಡಾವಾರು ಇದ್ದೇ ಇದೆ, ಯಾರೂ ಇಳಿಸಿಲ್ಲ. ಅದನ್ನು ಯಾವುದರಲ್ಲಿ ಲೆಕ್ಕ ಹಾಕಬೇಕೋ ಆ ರಾಶಿಯೇ ಕರಗುತ್ತಿದೆ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಎಚ್.ಎಂ.ಟಿ.ಯ ಕೈಗಡಿಯಾರದ ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಭದ್ರಾವತಿಯ ಕಾರ್ಖಾನೆಯ ಕುತ್ತಿಗೆ ಮೇಲೂ 2023ರಲ್ಲಿ ಕತ್ತಿ ಬಂದು ಕೂತಿತ್ತು. ನಷ್ಟದ ಲೆಕ್ಕ ಕೊಡುವವರು ಒಂದು ತಲೆಮಾರಿನ ಏಣಿ ಬಿದ್ದ ಲೆಕ್ಕವನ್ನು ಅದರ ಪಕ್ಕ ಬರೆಯುವುದಿಲ್ಲ. ನೋಂದಾಯಿತ ಕಾರ್ಖಾನೆಗಳಲ್ಲಿ 2000ದ ಸುಮಾರಿಗೆ ಐದು ಕಾರ್ಮಿಕರಲ್ಲಿ ಒಬ್ಬ ಗುತ್ತಿಗೆಯವನು. 2022-23ರ ಹೊತ್ತಿಗೆ ಐದರಲ್ಲಿ ಇಬ್ಬರು. ಗುತ್ತಿಗೆಯಲ್ಲಿ ಮೀಸಲಾತಿ ಇಲ್ಲ, ಕ್ವಾರ್ಟರ್ಸು ಇಲ್ಲ, ಯೂನಿಯನ್ನೂ ಕಷ್ಟ. ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅಂಬೇಡ್ಕರ್ ಇದ್ದ ಕಾಲದಲ್ಲಿ ಕೆಲಸದ ಗಂಟೆ ಇಳಿಸುವ ಹೆಜ್ಜೆಗಳು ಬಂದವು. ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡಿತು. ಅದನ್ನೂ ಹೂಡಿಕೆ ಆಕರ್ಷಿಸುವ ನೀತಿ ಅಂತಲೇ ಕರೆದರು.

ದಲಿತರು ಕೆಲಸ ಕೇಳುವುದು ಬಿಟ್ಟು ಕೆಲಸ ಕೊಡುವವರಾಗಬೇಕು ಎಂಬ ವಾದವೂ ನಮ್ಮೊಳಗೇ ಇದೆ. 2002ರ ಭೋಪಾಲ್ ಘೋಷಣೆ, 2005ರಲ್ಲಿ ಶುರುವಾದ ದಲಿತ ವಾಣಿಜ್ಯ ಮಂಡಳಿ ಡಿಕ್ಕಿ ಆ ದಾರಿಯವು. ಆ ಆಸೆಯನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಮಾರುಕಟ್ಟೆಗೆ ಜಾತಿ ಕಾಣುವುದಿಲ್ಲ ಎಂಬುದನ್ನು ಮಾತ್ರ ನಂಬಲಾಗದು. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಯೋಗ್ಯತೆಯ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ದಲಿತ ಹೆಸರಿದ್ದ ಅರ್ಜಿಗೆ ಕರೆ ಬರುವ ಸಂಭವ ಸವರ್ಣ ಹೆಸರಿನ ಅರ್ಜಿಗಿಂತ ಮೂರನೇ ಒಂದರಷ್ಟು ಕಡಿಮೆ ಇತ್ತು. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ಒಂದು ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ನೋಡಿತು. ನೂರಕ್ಕೆ ಸುಮಾರು 93 ಜನ ಮೇಲ್ಜಾತಿಯವರು, ಪರಿಶಿಷ್ಟರು 3.5. ಲಾಳಿಯ ಎಂಜಲು ಈಗ ಅರ್ಜಿಯ ಹೆಸರಿಗೆ ಬಂದಿದೆ ಅಷ್ಟೇ.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ತಮ್ಮ ಖರೀದಿಯಲ್ಲಿ ನೂರಕ್ಕೆ 4ರಷ್ಟನ್ನು ಪರಿಶಿಷ್ಟರ ಕಿರು ಉದ್ದಿಮೆಗಳಿಂದ ಮಾಡಬೇಕು ಎಂದು 2012ರ ಆದೇಶ ಹೇಳಿತು. ಕರ್ನಾಟಕ ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟರಿಗೆ ಮೀಸಲಾತಿ ತಂದು, ಅದರ ಮಿತಿಯನ್ನು 50 ಲಕ್ಷ ರೂಪಾಯಿಯಿಂದ 2023ರಲ್ಲಿ 1 ಕೋಟಿಗೆ ಏರಿಸಿತು. ಕೈಗಾರಿಕಾ ನಿವೇಶನಗಳಲ್ಲೂ ಪಾಲು, ರಿಯಾಯಿತಿ ಇವೆ. ಸರ್ಕಾರ ಗಿರಾಕಿಯಾಗಿ ನಿಲ್ಲುವುದು ಕೈಗಾರಿಕಾ ನೀತಿಯ ಬಲವಾದ ಆಯುಧ ಅಂತ ಮೊದಲೇ ಹೇಳಿದೆ. ಆದರೆ ಕೊರಿಯ ಉದ್ದಿಮೆದಾರನಿಗೆ ಹಾಕಿದಂಥ ಕರಾರು ಇಲ್ಲಿ ಇಲಾಖೆಗಳಿಗೆ ಇಲ್ಲ. ನೂರಕ್ಕೆ 4ನ್ನು ಮುಟ್ಟದಿದ್ದರೆ ಕೇಳುವವರಿಲ್ಲ, ಹಲವು ವರ್ಷ ಮುಟ್ಟಲೂ ಇಲ್ಲ. ನಿವೇಶನ ಸಿಕ್ಕವನಿಗೆ ಬ್ಯಾಂಕು ಜಾಮೀನಿಗೆ ಆಸ್ತಿ ಕೇಳುತ್ತದೆ. ಆಸ್ತಿ ಇದ್ದಿದ್ದರೆ ಅವನು ಮೀಸಲು ನಿವೇಶನಕ್ಕೆ ಯಾಕೆ ಬರುತ್ತಿದ್ದ?

7

ಅಭಿವೃದ್ಧಿಶೀಲ ದೇಶಕ್ಕೆ ಕೈಗಾರಿಕಾ ನೀತಿ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನಾವು ‘ಬೇಕು’ ಎನ್ನುವವರ ಪಕ್ಷದಲ್ಲೇ ನಿಲ್ಲಬೇಕು. ಪ್ರಭುತ್ವ ಕೈ ತೆಗೆದರೆ ಉಳಿಯೋದು ಸಮಾನ ಮೈದಾನ ಅಲ್ಲ, ಹಳೆಯ ಜಾತಿಯ ಮೈದಾನ. ಆದರೆ ಆ ಪಕ್ಷದೊಳಗೆ ನಿಂತೇ ಕೆಲವು ಪ್ರಶ್ನೆ ಕೇಳಬೇಕು. ನೀತಿಯ ಪುಟದಲ್ಲಿ ‘ಉದ್ದಿಮೆದಾರ’ ಎಂದು ಬಂದಾಗ ಬರೆದವರ ಕಣ್ಣ ಮುಂದೆ ಯಾರ ಮುಖ ಇತ್ತು? ನೆಲ ಯಾರಿಂದ ಬರುತ್ತದೆ, ಪಹಣಿಯಲ್ಲಿ ಹೆಸರಿಲ್ಲದವರಿಗೆ ಏನು ಸಿಗುತ್ತದೆ? ಸಬ್ಸಿಡಿಗೆ ಪ್ರತಿಯಾಗಿ ಎಷ್ಟು ಕಾಯಂ ಕೆಲಸ, ಯಾರಿಗೆ, ಎಂಬ ಕರಾರು ಇದೆಯೇ? ‘ಕುಶಲ’ ಎಂದು ತೀರ್ಮಾನಿಸಿದವರು ಯಾರು? ಹಾಕಿದ ಕರಾರು ಮುರಿದರೆ ಕೊಟ್ಟದ್ದನ್ನು ವಾಪಸು ಪಡೆಯುವ ದಾರಿ ಇದೆಯೇ? ಒಂದು ಕಾದಂಬರಿಯಲ್ಲಿ ದಲಿತ ಪಾತ್ರ ಎಲ್ಲಿ ನಿಂತಿದೆ, ಅದಕ್ಕೆ ಮಾತು ಇದೆಯೇ ಎಂದು ಕೇಳಿದ ಹಾಗೇ ಇದು.

2025-30ರ ರಾಜ್ಯ ನೀತಿ 20 ಲಕ್ಷ ಉದ್ಯೋಗದ ಗುರಿ ಹೇಳುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿಯಂತೆ ನೂರಕ್ಕೆ 17.15. ಆ 20 ಲಕ್ಷದಲ್ಲಿ ಇವರು ಎಷ್ಟು ಜನ, ಎಷ್ಟು ಜನ ಕಾಯಂ, ಎಷ್ಟು ಜನ ಗುತ್ತಿಗೆ ಎಂಬ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಿ ಎಂದು ಕೇಳುವುದು ದೊಡ್ಡ ಕ್ರಾಂತಿಯಲ್ಲ. ಆದರೆ ಈ ಲೆಕ್ಕ ಇಲ್ಲದೆ ಮುಂದಿನ ಯಾವ ಹೋರಾಟಕ್ಕೂ ಹಿಡಿ ಸಿಗುವುದಿಲ್ಲ.

ಮೊಸಳೆಹೊಸಹಳ್ಳಿಯಲ್ಲಿ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಕೂಲಿಯವರ ಮಕ್ಕಳು ಅಂಥ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾರೆ, ಹಾಸ್ಟೆಲಿನಲ್ಲಿ ಉಂಡು, ಸ್ಕಾಲರ್‌ಶಿಪ್ ಕಾದು. ಅರ್ಹತೆ ಇಲ್ಲ ಅಂತ ಅವರಿಗೆ ಇನ್ನು ಹೇಳುವಂತಿಲ್ಲ. ಹಾಸನದ ಕೈಗಾರಿಕಾ ಪ್ರದೇಶಕ್ಕೆ ಎಷ್ಟು ಎಕರೆ ನೆಲ ಹೋಯಿತು, ಎಷ್ಟು ರಿಯಾಯಿತಿ ಸಿಕ್ಕಿತು, ಎಷ್ಟು ಜನ ಸ್ಥಳೀಯರು ಯಾವ ದರ್ಜೆಯಲ್ಲಿದ್ದಾರೆ ಎಂಬ ಅರ್ಜಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅವರೇ ಬರೆಯಬಹುದು. ಬರೆಯಲು 10 ರೂಪಾಯಿ ಸಾಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಲಿ. ಆಮೇಲೆ ನಮ್ಮಂಥವರು ಅದರ ಮೇಲೆ ವಿಮರ್ಶೆ ಬರೆಯೋಣ.